ಬಂಪರಿನೊಳಗೆ ಕೂತ ಏಳು ಪಿನ್ನಿನ ಸಾಕೆಟ್: ಮೂರು ಮಳೆಗಾಲ ಬಳಸಿದ ಮೇಲೆ

ಕುಮಟಾದಲ್ಲಿ ನಮ್ಮದು ಶಾಮಿಯಾನ, ಕುರ್ಚಿ, ಲೈಟಿಂಗ್ ಬಾಡಿಗೆಗೆ ಕೊಡುವ ಸಣ್ಣ ವ್ಯವಹಾರ. ಒಂದು ಬೊಲೆರೊ ಪಿಕಪ್ ಇದೆ. ಅದರ ಹಿಂದೆ ಎರಡು ಚಕ್ರದ ಜನರೇಟರ್ ಟ್ರಾಲಿ. ಮದುವೆ, ಉಪನಯನ, ಜಾತ್ರೆ, ಯಕ್ಷಗಾನದ ಆಟ, ಎಲ್ಲಿ ಕರೆದರೂ ಎಳೆದುಕೊಂಡು ಹೋಗುತ್ತೇವೆ. ಸಂಜೆ ಹೊರಟರೆ ವಾಪಸ್ ಬರುವುದು ಬೆಳಗಿನ ಜಾವ. ಹಾಗಾಗಿ ನಮ್ಮ ಟ್ರಾಲಿ ರಸ್ತೆಯ ಮೇಲೆ ಇರುವುದೇ ಹೆಚ್ಚಾಗಿ ಕತ್ತಲಲ್ಲಿ.

ನಮ್ಮ ಕಡೆ ಎಷ್ಟೋ ಜನರೇಟರ್ ಟ್ರಾಲಿಗಳಿಗೆ ಹಿಂದೆ ದೀಪವೇ ಇರುವುದಿಲ್ಲ. ಎರಡು ಕೆಂಪು ರೇಡಿಯಂ ಸ್ಟಿಕ್ಕರ್ ಅಂಟಿಸಿದರೆ ಮುಗಿಯಿತು. ನನಗೆ ಅದು ಒಪ್ಪುವುದಿಲ್ಲ. ಟ್ರಾಲಿ ಕಟ್ಟಿದ ಮೇಲೆ ಪಿಕಪ್‌ನ ಹಿಂದಿನ ದೀಪಗಳು ಅದರ ಮರೆಗೆ ಹೋಗುತ್ತವೆ. ನಾವು ಬ್ರೇಕ್ ಒತ್ತಿದ್ದು ಹಿಂದಿನ ಬೈಕಿನವನಿಗೆ ಗೊತ್ತಾಗಬೇಕು ಅಲ್ವಾ? ಅದಕ್ಕೇ ಟ್ರಾಲಿ ತಂದ ದಿನದಿಂದಲೂ ಅದಕ್ಕೆ ದೀಪ, ಬ್ರೇಕ್ ಲೈಟ್, ಇಂಡಿಕೇಟರ್ ಎಲ್ಲ ಇವೆ.

ಆದರೆ ಆ ದೀಪಗಳಿಗೆ ಪಿಕಪ್‌ನಿಂದ ಕರೆಂಟ್ ಹೋಗಲು ಟ್ರಾಲಿಯ ಕೇಬಲ್ಲಿನ ಪ್ಲಗ್ ಹಾಕುವ ಸಾಕೆಟ್ ಇದ್ದ ಜಾಗ ಸರಿ ಇರಲಿಲ್ಲ. ಟ್ರಾಲಿ ಸಿಕ್ಕಿಸುವ ಟೋ ಹುಕ್ಕಿನ ಕೆಳಗೆ ಒಂದು ಕಬ್ಬಿಣದ ಪಟ್ಟಿ ವೆಲ್ಡ್ ಮಾಡಿ ಅದಕ್ಕೆ ಕೂರಿಸಿದ್ದರು. ಇಡೀ ಗಾಡಿಯಲ್ಲಿ ನೆಲಕ್ಕೆ ಅತಿ ಹತ್ತಿರ ಇದ್ದದ್ದು ಅದೇ. ಎರಡು ಚಕ್ರಗಳಿಂದ ಹಾರುವ ಕೆಸರೆಲ್ಲ ಅದರ ಮೈಮೇಲೆ. ಗದ್ದೆ ಬಯಲಿನಲ್ಲಿ ಆಟ ಇದ್ದರೆ ಅಂಚು ದಾಟುವಾಗ ಪಟ್ಟಿ ನೆಲಕ್ಕೆ ತಾಗುತ್ತಿತ್ತು. ಆಟ ಮುಗಿಸಿ, ವೈರ್ ಸುತ್ತಿ, ಕುರ್ಚಿ ತುಂಬಿ, ನಸುಕಿನಲ್ಲಿ ಹೊರಡುವಾಗ ಪ್ಲಗ್ ಹಾಕಲು ನಾನು ನೆಲಕ್ಕೆ ಮೊಣಕಾಲೂರಿ, ಬಾಯಲ್ಲಿ ಬ್ಯಾಟರಿ ಕಚ್ಚಿಕೊಂಡು, ಒಂದು ಕೈಯಲ್ಲಿ ಮುಚ್ಚಳ ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಪ್ಲಗ್ ಕೂರುವ ತೋಡು ಹುಡುಕಬೇಕಿತ್ತು. ಕೆಂಪು ಮಣ್ಣು ತುಂಬಿದ ಸಾಕೆಟ್‌ಗೆ ಪ್ಲಗ್ ಒಳಗೆ ಹೋಗುತ್ತಲೇ ಇರಲಿಲ್ಲ. ಐದು ವರ್ಷ ಹೀಗೇ ನಡೆಯಿತು. 2022ರಲ್ಲಿ ಒಮ್ಮೆ ಶಿರಸಿ ರಸ್ತೆಯ ಕತಗಾಲ ದಾಟುವಾಗ ಹಿಂದಿನಿಂದ ಬಂದ ಬಸ್ಸಿನ ಡ್ರೈವರ್ ಪಕ್ಕಕ್ಕೆ ಬಂದು, "ಹಿಂದೆ ಒಂದೂ ಲೈಟಿಲ್ಲ ಮಾರಾಯಾ" ಎಂದು ಕೂಗಿ ಹೋದರು. ಇಳಿದು ನೋಡಿದರೆ ಟ್ರಾಲಿಯ ಕೇಬಲ್ ಜೋತುಬಿದ್ದು ಟಾರಿಗೆ ಉಜ್ಜಿ ಉಜ್ಜಿ ತಾಮ್ರ ಕಾಣುತ್ತಿತ್ತು.

ಅದೇ ವರ್ಷ ಅಕ್ಟೋಬರ್‌ನಲ್ಲಿ, ಆಟದ ಸೀಸನ್ ಶುರುವಾಗುವ ಮುಂಚೆ, ಸಾಕೆಟ್ ಅನ್ನು ಹಿಂದಿನ ಬಂಪರಿನೊಳಗೆ ಕೂರಿಸಿದೆ. ಮೂರು ಮಳೆಗಾಲ ಕಳೆದಿದೆ. ಟ್ರಾಲಿ ಎಳೆಯುವವರು ಆಗಾಗ ಕೇಳುತ್ತಾರೆ, ಅದಕ್ಕೆ ಬರೆಯುತ್ತಿದ್ದೇನೆ.

ಅಮೆರಿಕದ ದೊಡ್ಡ ಪಿಕಪ್‌ಗಳಲ್ಲಿ ಕಂಪನಿಯವರೇ ಬಂಪರಿನಲ್ಲಿ ಸಾಕೆಟ್‌ಗೆ ಜಾಗ ಬಿಟ್ಟಿರುತ್ತಾರೆ. ಆ ವಿಡಿಯೋಗಳನ್ನು ನೋಡಿ ಅಲ್ಲಿಯ ಕಿಟ್ ತರಿಸಬೇಡಿ. ಅವರ ಏಳು ಪಿನ್ ಚಪ್ಪಟೆ, ನಮ್ಮದು ದುಂಡು. ಅಲ್ಲಿ ಬ್ರೇಕ್ ಮತ್ತು ಇಂಡಿಕೇಟರ್ ಒಂದೇ ವೈರಿನಲ್ಲಿ ಹೋಗುತ್ತವೆ. ನಮ್ಮಲ್ಲಿ ಬೇರೆ ಬೇರೆ. ನಮ್ಮ ದುಂಡು ಪಿನ್ನಿನ ಲೆಕ್ಕ ಹೀಗೆ: ಹಳದಿ ಎಡ ಇಂಡಿಕೇಟರ್, ಹಸಿರು ಬಲ ಇಂಡಿಕೇಟರ್, ಕೆಂಪು ಬ್ರೇಕ್, ಕಪ್ಪು ಎಡಗಡೆಯ ಹಿಂದಿನ ದೀಪ, ಕಂದು ಬಲಗಡೆಯದು, ನೀಲಿ ಫಾಗ್ ಲ್ಯಾಂಪ್, ಬಿಳಿ ಅರ್ತ್, ಅಂದರೆ ಕರೆಂಟ್ ವಾಪಸ್ ಹೋಗುವ ವೈರ್. ಬಣ್ಣ ನಂಬಿ ಜೋಡಿಸಬೇಡಿ, ಸಾಕೆಟ್ ಹಿಂದೆ ಅಚ್ಚಾಗಿರುವ ನಂಬರ್ ನೋಡಿ. ಹಳೇ ಟ್ರಾಲಿಗಳಲ್ಲಿ ಕೈಗೆ ಸಿಕ್ಕ ಬಣ್ಣದ ವೈರ್ ಎಳೆದಿರುತ್ತಾರೆ.

ನನ್ನ ಬಂಪರ್ ಕುಮಟಾದ ವೆಲ್ಡಿಂಗ್ ಶಾಪಿನಲ್ಲೇ ಮಾಡಿಸಿದ್ದು. ಹಿಂದೆ ದಪ್ಪ ಕಬ್ಬಿಣದ ತೊಲೆ (ಚಾನೆಲ್), ಅದರ ಮುಂದೆ ತಗಡಿನ ಹೊದಿಕೆ. ಭಾರ ಹೊರುವ ಚಾನೆಲ್ಲಿಗೆ ಕೈ ಹಚ್ಚಬೇಡಿ ಎಂದು ಮೊದಲೇ ಹೇಳಿದ್ದೆ. ತಗಡನ್ನಷ್ಟೇ ಚೌಕಾಕಾರದಲ್ಲಿ ಕತ್ತರಿಸಿ, ಒಳಗೆ ಗೂಡಿನಂಥ ಡಬ್ಬಿ ವೆಲ್ಡ್ ಮಾಡಿ, ಅದರ ಹಿಂಗೋಡೆಗೆ ಸಾಕೆಟ್ ಕೂರಿಸಿದರು. ದೇವರ ಗೂಡಿನಲ್ಲಿ ದೀಪ ಇಟ್ಟ ಹಾಗೆ ಒಳಗೆ ಕೂತಿದೆ. ರಿವರ್ಸ್ ತೆಗೆಯುವಾಗ ಚಿರೆಕಲ್ಲಿನ ಪಾಗಾರಕ್ಕೆ ಬಂಪರ್ ತಾಗಿದರೂ ಸಾಕೆಟ್ ಒಡೆಯುವುದಿಲ್ಲ.

ಜಾಗ ಗುರುತು ಮಾಡುವ ಮುಂಚೆ ಎರಡು ಪರೀಕ್ಷೆ ಮಾಡಿದ್ದು ಒಳ್ಳೆಯದಾಯಿತು. ಪಿಕಪ್‌ನ ಹಿಂಬಾಗಿಲು ಪೂರ್ತಿ ಇಳಿಸಿ, ಅದು ಸಾಕೆಟ್ಟಿನ ಮುಚ್ಚಳಕ್ಕೆ ಬಡಿಯುತ್ತದೆಯೋ ಎಂದು ನೋಡಿದೆ. ಟ್ರಾಲಿ ಕಟ್ಟಿ ಎರಡೂ ಕಡೆ ಪೂರ್ತಿ ತಿರುಗಿಸಿ, ಕೇಬಲ್ ಎಳೆಯುತ್ತದೆಯೋ ಎಂದು ನೋಡಿದೆ. ಹುಕ್ಕಿನಿಂದ ಒಂದು ಗೇಣು ದೂರ, ಸೈಲೆನ್ಸರ್ ಇಲ್ಲದ ಬದಿ ಸರಿಹೋಯಿತು. ಮೊದಲ ಸಲದ ಖರ್ಚು ಸಾಕೆಟ್, ಪ್ಲಗ್, ಕೇಬಲ್, ವೆಲ್ಡಿಂಗ್, ವೈರಿಂಗ್ ಕೂಲಿ ಎಲ್ಲ ಸೇರಿ 2,300 ರೂಪಾಯಿ. ನನಗೆ ಒಂದು ರಾತ್ರಿಯ ಜನರೇಟರ್ ಬಾಡಿಗೆಗಿಂತ ಕಡಿಮೆ.

ಮೊದಲ ವರ್ಷ ನಾನು ಇದನ್ನು ಹೊಗಳದ ದಿನವಿಲ್ಲ. ಈಗ ನಿಂತುಕೊಂಡೇ, ಸ್ವಲ್ಪ ಬಾಗಿದರೆ ಆಯಿತು. ಎಡಗೈ ಹೆಬ್ಬೆರಳಿನಿಂದ ಮುಚ್ಚಳ ಎತ್ತುತ್ತೇನೆ. ಪ್ಲಗ್ಗಿನ ಏಣು ಕೆಳಗಿದೆಯೇ ಎಂದು ಬೆರಳಲ್ಲಿ ಸವರಿ ನೋಡುತ್ತೇನೆ. ಒತ್ತಿದರೆ ಸದ್ದಿಲ್ಲದೆ ಒಳಗೆ ಹೋಗುತ್ತದೆ. ಮುಚ್ಚಳ ಬಿಟ್ಟರೆ ಅದರ ಕೊಕ್ಕೆ ಪ್ಲಗ್ಗಿನ ಬೆನ್ನಿಗೆ 'ಟಕ್' ಅಂತ ಕಚ್ಚಿಕೊಳ್ಳುತ್ತದೆ. ಆ ಟಕ್ ಕೇಳಿಸಿದರೆ ಪ್ಲಗ್ ದಾರಿಯಲ್ಲಿ ಬಿಚ್ಚಿಕೊಳ್ಳುವುದಿಲ್ಲ ಎಂದು ಧೈರ್ಯ.

ಆಮೇಲೆ ದೀಪ ನೋಡುವ ಕೆಲಸ. ಮನೆಯಿಂದ ಹೊರಡುವಾಗ ಮಗಳು ಅಂಗಳಕ್ಕೆ ಬಂದು ಟ್ರಾಲಿಯ ಹಿಂದೆ ನಿಲ್ಲುತ್ತಾಳೆ. ನಾನು ಸೀಟಿನಲ್ಲಿ ಕೂತು ಒಂದೊಂದೇ ಹಾಕುತ್ತೇನೆ. "ಎಡ ಬಂತು. ಬಲ ಬಂತು. ಬ್ರೇಕ್ ಬಂತು ಅಪ್ಪಾ." ಮೂರೂ ಬಂತು ಅಂದ ಮೇಲೆಯೇ ಗಾಡಿ ಗೇರಿಗೆ. ಶುರುವಿನಲ್ಲಿ ಇದು ಅವಳಿಗೆ ಆಟವಾಗಿತ್ತು. ಒಂದು ಸಂಜೆ, "ಬ್ರೇಕ್ ಒತ್ತಿದರೆ ಇಂಡಿಕೇಟರ್ ಕೂಡ ಸಣ್ಣಗೆ ಉರೀತದೆ" ಅಂದಳು. ಬಿಳಿ ವೈರಿನ ತುದಿಯ ಲೋಹದ ಬಿಲ್ಲೆ (ಲಗ್) ಸಡಿಲವಾಗಿತ್ತು. ಅರ್ತ್ ಸರಿ ಇಲ್ಲದಿದ್ದರೆ ಕರೆಂಟ್ ವಾಪಸ್ ಹೋಗಲು ಬೇರೆ ಬಲ್ಬಿನೊಳಗಿಂದ ದಾರಿ ಮಾಡಿಕೊಳ್ಳುತ್ತದೆ, ಅದಕ್ಕೆ ಹಾಗೆ ಉರಿಯುವುದು. ಟೋ ಹುಕ್ಕಿನ ಕಬ್ಬಿಣವೇ ಅರ್ತ್ ಕೊಡುತ್ತದೆ ಎಂದು ಬಿಳಿ ವೈರ್ ಎಳೆಯದೆ ಬಿಡುವವರಿದ್ದಾರೆ. ಗ್ರೀಸ್, ತುಕ್ಕು, ಅಲುಗಾಟದ ನಡುವೆ ಅದನ್ನು ನಂಬಲಿಕ್ಕಾಗುವುದಿಲ್ಲ. ಬಿಳಿ ವೈರ್ ಬೇರೆಯೇ ಇರಲಿ, ಉಳಿದವಕ್ಕಿಂತ ದಪ್ಪ ಇರಲಿ.

2024ರ ಮಾರ್ಚ್‌ನಲ್ಲಿ ಶಿರಸಿ ಮಾರಿಕಾಂಬಾ ಜಾತ್ರೆ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ನಮ್ಮಂಥವರಿಗೆ ಉಸಿರಾಡಲು ಪುರಸೊತ್ತಿಲ್ಲ. ಶಿರಸಿ ದಾರಿಯ ದೇವಿಮನೆ ಘಟ್ಟ ಎಷ್ಟು ಸಲ ಹತ್ತಿ ಇಳಿದೆನೋ. ರಸ್ತೆ ಅಗಲ ಮಾಡುವ ಕೆಲಸದ ಧೂಳು, ಜಲ್ಲಿ, ಹೊಂಡ ಎಲ್ಲ ಇತ್ತು. ಸಾಕೆಟ್ ಒಮ್ಮೆಯೂ ಕೈಕೊಡಲಿಲ್ಲ. ಈ ವಿಮರ್ಶೆ ಆಗಲೇ ಬರೆದಿದ್ದರೆ ಇಷ್ಟಕ್ಕೇ ಮುಗಿಯುತ್ತಿತ್ತು.

ಅದೇ ವರ್ಷ ಜುಲೈಯಲ್ಲಿ ಶಿರಸಿಯಲ್ಲಿ ಒಂದು ಸಭಾಭವನದ ಕಾರ್ಯಕ್ರಮ ಮುಗಿಸಿ ರಾತ್ರಿ ವಾಪಸ್ ಹೊರಟೆವು. ರಾಗಿಹೊಸಳ್ಳಿ ದಾಟಿತು. ಘಟ್ಟ ಶುರುವಾಗುವಾಗ ಮಂಜು, ಅದರ ಮೇಲೆ ಮಳೆ. ಡ್ಯಾಶ್‌ಬೋರ್ಡಿನ ಬೆಳಕು ಪಕ್ಕನೆ ಆರಿತು. ನಿಲ್ಲಿಸಿ ಇಳಿದೆ. ಟ್ರಾಲಿಯ ಹಿಂದಿನ ದೀಪ ಇಲ್ಲ. ಪಿಕಪ್‌ನದೂ ಇಲ್ಲ. ಹೆಡ್‌ಲೈಟ್ ಮಾತ್ರ ಉರಿಯುತ್ತಿತ್ತು. ಫ್ಯೂಸ್ ಹಾರಿದೆ. ಬದಲಿ ಹಾಕಿದರೆ ಅದೂ ಹಾರಿತು. ಕೆಲಸದ ಹುಡುಗ ದೊಡ್ಡ ಬ್ಯಾಟರಿ ಹಿಡಿದು ತಿರುವಿನ ಹಿಂದೆ ನಿಂತು ಬರುವ ಲಾರಿಗಳಿಗೆ ಕೈ ಬೀಸುತ್ತಿದ್ದ. "ಅಣ್ಣ, ಬೇಗ ನೋಡು, ಇಲ್ಲಿ ಏನೂ ಕಾಣೋದಿಲ್ಲ" ಅಂತ ಕೂಗುತ್ತಿದ್ದ. ಆ ದನಿ ಇನ್ನೂ ಕಿವಿಯಲ್ಲಿದೆ. ಕೊನೆಗೆ ಟ್ರಾಲಿಯ ಪ್ಲಗ್ ಕಿತ್ತು ಮೂರನೇ ಫ್ಯೂಸ್ ಹಾಕಿದೆ. ಪಿಕಪ್‌ನ ದೀಪ ಬಂತು. ದೀಪವಿಲ್ಲದ ಟ್ರಾಲಿ ಕಟ್ಟಿಕೊಂಡು ಆ ಮಂಜಿನಲ್ಲಿ ಇಳಿಯಲು ಮನಸ್ಸು ಬರಲಿಲ್ಲ. ಅಗಲ ಜಾಗ ಹುಡುಕಿ ನಿಲ್ಲಿಸಿ ಬೆಳಕಾಗುವವರೆಗೆ ಗಾಡಿಯಲ್ಲೇ ಕೂತೆವು.

ಮನೆಗೆ ಬಂದು ಸಾಕೆಟ್ ಬಿಚ್ಚಲು ಹೋದೆ. ಬೋಲ್ಟ್ ಅಲ್ಲಾಡಲಿಲ್ಲ. ಸಾಕೆಟ್ಟಿನ ಮೈ ಅಲ್ಯೂಮಿನಿಯಂ, ಬೋಲ್ಟ್ ಕಬ್ಬಿಣ. ನಮ್ಮ ಕರಾವಳಿಯ ಉಪ್ಪು ಗಾಳಿಯಲ್ಲಿ ಈ ಎರಡು ಲೋಹ ಒದ್ದೆಯಾಗಿ ಅಂಟಿಕೊಂಡು ಕೂತರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಬೋಲ್ಟನ್ನು ಬಿಗಿಯಾಗಿ ಹಿಡಿದುಬಿಡುತ್ತದೆ. ಎರಡು ಬೋಲ್ಟ್ ತುಂಡು ಮಾಡಿಯೇ ತೆಗೆಯಬೇಕಾಯಿತು. ಗೂಡಿನ ತಳದಲ್ಲಿ ಒಂದು ಬೆರಳಿನಷ್ಟು ಕೆಂಪು ನೀರು ನಿಂತಿತ್ತು. ಒಳಗೆ ಬಂದ ನೀರು ಹೊರಗೆ ಹೋಗಲು ಒಂದು ತೂತೂ ಇರಲಿಲ್ಲ! ಸಾಕೆಟ್ ಹಿಂದೆ ರಬ್ಬರ್ ವಾಷರ್ ಹಾಕಿರಲಿಲ್ಲ. ನೀರು ಅಲ್ಲಿಂದ ಹಿಂದಕ್ಕೆ ಹರಿದು, ಕಪ್ಪು ವೈರಿನ ಎಳೆಗಳಿಗೆ ಹಸಿರು ಕಿಲುಬು ಹಿಡಿದು, ತುಂಡಾದ ಒಂದು ಎಳೆ ತಗಡಿಗೆ ತಾಗಿತ್ತು. ಪಿಕಪ್‌ನ ದೀಪದ ವೈರನ್ನೇ ಕೆರೆದು ಟ್ರಾಲಿಗೆ ಕೂಡಿಸಿ ಟೇಪ್ ಸುತ್ತಿದ್ದರಿಂದ, ಟ್ರಾಲಿ ಕಡೆಯ ಶಾರ್ಟ್ ಪಿಕಪ್‌ನ ದೀಪವನ್ನೂ ಕೊಂದಿತು.

ನನಗೆ ಸಿಟ್ಟು ಬಂದದ್ದು ನಿಜ. ಕೆಲಸ ಮಾಡಿದವರು ಈ ಊರಿನ ಮಳೆ ನೋಡದವರಲ್ಲ. ನಾಲ್ಕು ತಿಂಗಳು ಸುರಿಯುವ ಜಾಗದಲ್ಲಿ ಡಬ್ಬಿ ಮಾಡಿ, ತಳಕ್ಕೆ ತೂತು ಬಿಡದೆ, ಬಣ್ಣ ಬಳಿದು ಕೊಟ್ಟರೆ ಏನು ಹೇಳುವುದು? ಹಳೇ ಪಟ್ಟಿಯ ಮೇಲಿದ್ದಾಗ ಕೆಸರು ಬೀಳುತ್ತಿತ್ತು, ಆದರೆ ನೀರು ಸೋರಿ ಹೋಗುತ್ತಿತ್ತು. ಒಳಗೆ ಕೂರಿಸಿ ನಾವೇ ನೀರಿಗೆ ಕೆರೆ ಕಟ್ಟಿಕೊಟ್ಟಿದ್ದೆವು.

ಹಳೇ ಜಾಗಕ್ಕೇ ವಾಪಸ್ ಹಾಕಿಸೋಣ ಎಂದು ಒಂದು ವಾರ ಯೋಚಿಸಿದೆ. ಆದರೆ ಆ ನೆಲಕ್ಕೆ ಮತ್ತೆ ಮೊಣಕಾಲೂರುವುದು ಬೇಡ ಅನಿಸಿತು. ಬೇರೆ ಎಲೆಕ್ಟ್ರಿಷಿಯನ್ ಹತ್ತಿರ ಹೋದೆ. ವಯಸ್ಸಾದವರು, ಬೋಟಿನ ವೈರಿಂಗ್ ಮಾಡಿ ಅಭ್ಯಾಸ ಇರುವವರು. ಗೂಡನ್ನು ನೋಡಿದ ಕೂಡಲೇ ಡ್ರಿಲ್ ತೆಗೆದುಕೊಂಡು ತಳದ ಎರಡು ಮೂಲೆಗೆ 8 ಮಿಲಿಮೀಟರ್ ತೂತು ಹಾಕಿದರು. ಕೊರೆದ ಅಂಚಿಗೆ ರೆಡ್ ಆಕ್ಸೈಡ್ ಬಳಿದರು. ಈ ಸಲ ಪ್ಲಾಸ್ಟಿಕ್ ಮೈಯ ಸಾಕೆಟ್, ತುಕ್ಕು ಹಿಡಿಯದ ಸ್ಟೀಲ್ ಬೋಲ್ಟ್, ಹಿಂದೆ ರಬ್ಬರ್ ವಾಷರ್. ವೈರ್ ನೇರ ಸಾಕೆಟ್‌ಗೆ ಬರುವ ಬದಲು ಮೊದಲು ಕೆಳಗೆ ಜೋತು, ಆಮೇಲೆ ಮೇಲೆ ಹತ್ತುತ್ತದೆ. ವೈರಿನ ಗುಂಟ ಬಂದ ನೀರು ಆ ತಗ್ಗಿನಲ್ಲೇ ತೊಟ್ಟಿಕ್ಕುತ್ತದೆ. ಬೋಟಿನಲ್ಲಿ ಹೀಗೇ ಬಿಡುತ್ತಾರಂತೆ.

ಟ್ರಾಲಿಯ ಹಿಂದಿನ ದೀಪಕ್ಕೊಂದು, ಬ್ರೇಕಿಗೊಂದು ರಿಲೇ (ಸಣ್ಣ ಕರೆಂಟಿನ ಸನ್ನೆಗೆ ದೊಡ್ಡ ಕರೆಂಟ್ ಬಿಡುವ ಸ್ವಿಚ್ಚು) ಹಾಕಿ, ಪಿಕಪ್‌ನ ಬ್ಯಾಟರಿಯಿಂದ ಬೇರೆ ಫ್ಯೂಸ್ ಮೂಲಕ ಕರೆಂಟ್ ಕೊಟ್ಟರು. ಪಿಕಪ್‌ನ ವೈರ್ ಈಗ ರಿಲೇಗೆ ಸನ್ನೆ ಮಾಡುತ್ತದೆ, ಅಷ್ಟೇ. ಟ್ರಾಲಿಯ ಎರಡು ಬ್ರೇಕ್ ಬಲ್ಬು ತಲಾ 21 ವ್ಯಾಟ್. 12 ವೋಲ್ಟಿನಲ್ಲಿ ಮೂರೂವರೆ ಆಂಪಿಯರ್ ಹೆಚ್ಚುವರಿ ಭಾರ. ಅದು ಪಿಕಪ್‌ನ ಸ್ವಿಚ್ಚಿನ ಮೇಲೆ ಬೀಳುವುದು ತಪ್ಪಿತು. ಟ್ರಾಲಿಯ ದೀಪದ ವೈರ್ ಶಾರ್ಟ್ ಆದರೆ ಟ್ರಾಲಿಯ ಫ್ಯೂಸ್ ಮಾತ್ರ ಹೋಗುತ್ತದೆ. ಇದಕ್ಕೆ 2,600 ರೂಪಾಯಿ ಆಯಿತು, ಮೊದಲಿನದಕ್ಕಿಂತ ಜಾಸ್ತಿ. ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ ಗೂಡಿನ ಅಂದ ಬಿಡಿ, ರಿಲೇ ಬಿಡಬೇಡಿ.

2025ರ ಮಳೆಗಾಲ ಪೂರ್ತಿ ಕಳೆಯಿತು. ಹದಿನೈದು ದಿನಕ್ಕೊಮ್ಮೆ ಕಡ್ಡಿಯಿಂದ ಆ ಎರಡು ತೂತು ಚುಚ್ಚಿ ಮಣ್ಣು ಬಿಡಿಸುತ್ತೇನೆ. ಪಿನ್ನಿಗೆ ತೆಳ್ಳಗೆ ವ್ಯಾಸಲೀನ್ ಸವರುತ್ತೇನೆ. ಸೆಪ್ಟೆಂಬರ್‌ನಲ್ಲಿ ಬಿಚ್ಚಿ ನೋಡಿದಾಗ ಬೋಲ್ಟ್ ಸ್ಪ್ಯಾನರಿಗೆ ಸುಲಭವಾಗಿ ತಿರುಗಿತು. ಹಿತ್ತಾಳೆ ಪಿನ್ನುಗಳು ಹಳದಿಯಾಗಿಯೇ ಇದ್ದವು. ಅವತ್ತು ತುಂಬ ಖುಷಿಯಾಯಿತು. ಮುಚ್ಚಳದ ಸ್ಪ್ರಿಂಗ್ ಮಾತ್ರ ಎರಡನೇ ಸಲ ತುಕ್ಕು ಹಿಡಿದು ಮುರಿದಿದೆ. ಈಗ ಸೈಕಲ್ ಟ್ಯೂಬಿನ ಪಟ್ಟಿ ಕತ್ತರಿಸಿ ಕಟ್ಟಿದ್ದೇನೆ. ಸ್ಟೀಲ್ ಸ್ಪ್ರಿಂಗ್ ಇರುವ ಮುಚ್ಚಳ ಕಾರವಾರದಲ್ಲೂ ಹುಡುಕಿದೆ, ಸಿಗಲಿಲ್ಲ.

ಟ್ರಾಲಿ ಬಿಚ್ಚಿದ ಮೇಲೆ ಪ್ಲಗ್ಗನ್ನು ನೆಲಕ್ಕೆ ಬಿಡಬೇಡಿ. ಸಾಕೆಟ್ ಎಷ್ಟು ಚೊಕ್ಕ ಇದ್ದರೂ ಪ್ಲಗ್ಗಿನಲ್ಲಿ ಮಣ್ಣಿದ್ದರೆ ಅದು ಒಳಗೆ ಹೋಗುತ್ತದೆ. ನಾನು ಕಿತ್ತು ತೆಗೆದ ಆ ಅಲ್ಯೂಮಿನಿಯಂ ಸಾಕೆಟ್ಟನ್ನೇ ತೊಳೆದು, ವೈರ್ ಇಲ್ಲದೆ, ಟ್ರಾಲಿಯ ಮೂತಿಗೆ ಬಾಯಿ ಕೆಳಗಾಗಿ ಬಿಗಿದಿದ್ದೇನೆ. ಆಟ ಮುಗಿಯುವವರೆಗೆ ಪ್ಲಗ್ ಅದರಲ್ಲೇ ಇರುತ್ತದೆ.