ಮರದ ನಾಮಫಲಕಕ್ಕೆ ವೆಕ್ಟರ್: ಆಟೋ ಟ್ರೇಸ್, ಫಾಂಟ್, ಕೈಗೆರೆ

‘ಶ್ರೀ ಗುರುಕೃಪಾ’ ಎಂಬ ಮನೆ ಹೆಸರು, ಪಕ್ಕದಲ್ಲೊಂದು ಗಂಡಭೇರುಂಡ, 18 ಮಿ.ಮೀ. ದಪ್ಪದ ತೇಗದ ಹಲಗೆ, ಕಂಪ್ಯೂಟರ್ ನಡೆಸುವ ಕೆತ್ತನೆ ಯಂತ್ರದಲ್ಲಿ (ಸಿಎನ್‌ಸಿ) 60 ಡಿಗ್ರಿ ವಿ-ಬಿಟ್, ಅಂದರೆ ವಿ ಆಕಾರದ ತುದಿಯ ಬಿಟ್. ಈ ಒಂದೇ ಕೆಲಸಕ್ಕೆ ಮೂರು ದಾರಿಯಲ್ಲಿ ವೆಕ್ಟರ್ (ಯಂತ್ರ ಅನುಸರಿಸುವ ಗೆರೆಚಿತ್ರ) ಮಾಡಿ ಹೋಲಿಸಿದ್ದೇವೆ. ಅಕ್ಷರಕ್ಕೆ ಫಾಂಟ್, ಚಿತ್ರಕ್ಕೆ ಕೈಗೆರೆ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಚಿತ್ರದ ಅಂಚನ್ನು ತಂತ್ರಾಂಶವೇ ಗೆರೆಯಾಗಿಸುವುದು ಆಟೋ ಟ್ರೇಸ್. ಇಂಕ್‌ಸ್ಕೇಪ್ ಎಂಬ ಚಿತ್ರ ತಂತ್ರಾಂಶದ ಟ್ರೇಸ್ ಬಿಟ್‌ಮ್ಯಾಪ್ ಎರಡೇ ನಿಮಿಷದಲ್ಲಿ ಮುಗಿಯುತ್ತದೆ. ಆದರೆ ವಾಟ್ಸಾಪ್‌ನಲ್ಲಿ ಬಂದ ಚಿತ್ರವನ್ನು ಹಾಗೇ ಕೊಟ್ಟರೆ ಅಂಚಿನ ಮಸುಕೆಲ್ಲ ಗೆರೆಯಾಗಿ ಬರುತ್ತದೆ. ನೇರ ಇರಬೇಕಾದಲ್ಲಿ ಅಲೆ, ಚೂಪು ಮೂಲೆಯಲ್ಲಿ ಮೊಂಡು, ನೋಡ್‌ಗಳಂತೂ (ಗೆರೆಯನ್ನು ಹಿಡಿದಿಡುವ ಬಿಂದುಗಳು) ನೂರಾರು. ಪರದೆಯ ಮೇಲೆ ಇದು ಅಷ್ಟಾಗಿ ಗೊತ್ತಾಗುವುದಿಲ್ಲ, ಮರದ ಮೇಲೆ ಗೊತ್ತಾಗುತ್ತದೆ. ಪುಟ್ಟ ಪುಟ್ಟ ತುಂಡುಗಳಲ್ಲಿ ದಿಕ್ಕು ಬದಲಿಸುವಾಗ ಯಂತ್ರದ ವೇಗ ಕುಗ್ಗುತ್ತದೆ, ಬಿಟ್ ಒಂದೇ ಕಡೆ ಉಜ್ಜಿ ಅಂಚು ಕಪ್ಪಾಗುತ್ತದೆ. ಟ್ರೇಸ್ ಮಾಡಲೇಬೇಕೆಂದರೆ ಮೂಲವನ್ನು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ. ಬ್ರೈಟ್‌ನೆಸ್ ಕಟ್‌ಆಫ್ 0.45ರಿಂದ ಶುರುಮಾಡಿ, ಸಣ್ಣ ಚುಕ್ಕೆಗಳನ್ನು ಬಿಡುವ ಸ್ಪೆಕಲ್ಸ್ ಏರಿಸಿ, ನೋಡ್ ತಗ್ಗಿಸುವ ಸಿಂಪ್ಲಿಫೈ ಒಂದೇ ಸಲ ಒತ್ತಿ. ಬೆನ್ನುಬೆನ್ನಿಗೆ ಒತ್ತಿದರೆ ಆಕಾರವೇ ಕರಗುತ್ತದೆ. ಎಡ್ಜ್ ಡಿಟೆಕ್ಷನ್ ಬೇಡವೇ ಬೇಡ, ಒಂದು ಗೆರೆಗೆ ಎರಡು ಗೆರೆ ಹುಟ್ಟುತ್ತವೆ.

ಫಾಂಟಿನ ದಾರಿಯಲ್ಲಿ ಅಂಚು ನುಣುಪಾಗಿರುತ್ತದೆ, ಆದರೆ ಕನ್ನಡದಲ್ಲಿ ತೊಡಕೊಂದಿದೆ. ನುಡಿ, ಬರಹ ತಂತ್ರಾಂಶಗಳ ಹಳೆಯ ಆಸ್ಕಿ (ಯೂನಿಕೋಡ್‌ ಅಲ್ಲದ) ಫಾಂಟ್‌ಗಳಲ್ಲಿ ಅಕ್ಷರದ ಒಡಲು, ತಲೆಕಟ್ಟು, ದೀರ್ಘ, ಒತ್ತು ಎಲ್ಲ ಬಿಡಿ ತುಂಡುಗಳು, ಒಂದರ ಮೇಲೊಂದು ಹತ್ತಿ ಕೂರುತ್ತವೆ. ಕಪ್ಪು ಬಣ್ಣ ತುಂಬಿದ್ದಾಗ ಬೆಸುಗೆ ಕಾಣುವುದಿಲ್ಲ. ಔಟ್‌ಲೈನ್ ನೋಟಕ್ಕೆ ಹೋಗಿ ‘ಪಾ’ ಅಕ್ಷರವನ್ನು ದೊಡ್ಡದು ಮಾಡಿ ನೋಡಿ: ದೀರ್ಘದ ತುದಿ ಒಡಲಿನೊಳಗೆ ನುಗ್ಗಿರುತ್ತದೆ. ಹಾಗೇ ಕಳಿಸಿದರೆ ಎರಡೂ ಸೇರಿದ ಆ ಜಾಗವನ್ನು ಟೂಲ್‌ಪಾತ್ (ಬಿಟ್ ಸಾಗುವ ದಾರಿಯ ಲೆಕ್ಕ) ರಂಧ್ರವೆಂದು ಬಗೆದು ಬಿಟ್ಟುಬಿಡಬಹುದು, ಅಕ್ಷರದ ನಡುವೆ ಮರದ ಗುಬುಟು ಉಳಿಯುತ್ತದೆ. ಆಬ್ಜೆಕ್ಟ್ ಟು ಪಾತ್, ಅನ್‌ಗ್ರೂಪ್, ಆಮೇಲೆ ತುಂಡುಗಳನ್ನು ಒಂದೇ ಆಕಾರ ಮಾಡುವ ಯೂನಿಯನ್: ಇದೇ ಕ್ರಮ. ಕಂಬೈನ್ ಒತ್ತಿದರೆ ತೊಂದರೆ ಹಾಗೇ ಉಳಿಯುತ್ತದೆ.

ಯೂನಿಕೋಡ್ ಫಾಂಟ್‌ನಲ್ಲಿ ಈ ಕಾಟ ಕಡಿಮೆ. ಆದರೂ ಪದವನ್ನು ಕ್ಯಾಮ್ ತಂತ್ರಾಂಶದಲ್ಲಿ (ಟೂಲ್‌ಪಾತ್ ತಯಾರಿಸುವ ತಂತ್ರಾಂಶ) ನೇರವಾಗಿ ಟೈಪ್ ಮಾಡಬೇಡಿ. ಹಲವದರಲ್ಲಿ ಒತ್ತಕ್ಷರ ಕೂಡುವುದಿಲ್ಲ, ‘ಶ್ರೀ’ ಹೋಗಿ ‘ಶ್’ ಮತ್ತು ‘ರೀ’ ಬೇರೆಯಾಗಿ ನಿಲ್ಲುತ್ತವೆ.

ಫಾಂಟ್ ಆರಿಸುವಾಗ ಗೆರೆಯ ದಪ್ಪ ಅಳೆಯಿರಿ. 60 ಡಿಗ್ರಿ ಬಿಟ್ ಗೆರೆಯ ಅಗಲದ 0.87 ಪಟ್ಟು ಆಳಕ್ಕೆ ಇಳಿಯುತ್ತದೆ. 12 ಮಿ.ಮೀ. ಅಗಲಕ್ಕೆ 10.4 ಮಿ.ಮೀ. ಆಳ, 18ರ ಹಲಗೆಗೆ ಸರಿಹೋಯಿತು. 12 ಮಿ.ಮೀ. ಪ್ಲೈವುಡ್ ಆದರೆ 90 ಡಿಗ್ರಿ ಬಿಟ್ ಹಾಕಿ, ಆಳ 6ಕ್ಕೆ ನಿಲ್ಲುತ್ತದೆ. ನೋಟೋ ಸೆರಿಫ್ ಕನ್ನಡದಂಥ ಫಾಂಟಿನ ಸಣ್ಣ ಗೆರೆ 1 ಮಿ.ಮೀ. ಬಂದರೆ ಆಳ ಒಂದು ಮಿ.ಮೀ. ಕೂಡ ಇರುವುದಿಲ್ಲ, ಮರಳು ಕಾಗದ ಉಜ್ಜಿದರೆ ಅದೂ ಸವೆಯುತ್ತದೆ. ಅಂಥ ಕಡೆ ಗೆರೆ ಹೆಚ್ಚುಕಡಿಮೆ ಒಂದೇ ದಪ್ಪವಿರುವ ‘ಬಾಲೂ ತಮ್ಮ’ ಫಾಂಟ್ ವಾಸಿ. ಒತ್ತಿಗೂ ಒಡಲಿಗೂ ನಡುವೆ ಕನಿಷ್ಠ 2 ಮಿ.ಮೀ. ಮರ ಬಿಡಿ. ಅದಕ್ಕಿಂತ ಸಣ್ಣ ದಿಂಡು ಎಳೆಗೆ ಅಡ್ಡವಾಗಿದ್ದರೆ ಸಿಡಿದೇ ಹೋಗುತ್ತದೆ.

ಗಂಡಭೇರುಂಡಕ್ಕೆ ಮಾತ್ರ ಕೈಗೆರೆಯೇ ಬೇಕು. ಎರಡು ಮೂರು ಗಂಟೆ ಹಿಡಿಯುತ್ತದೆ, ಆದರೆ ರೆಕ್ಕೆಯ ಒಂದು ಗರಿಗೆ ಐದಾರು ನೋಡ್ ಸಾಕು. ತಿರುವಿನ ತುತ್ತತುದಿಯಲ್ಲಿ ನೋಡ್ ಇಡಿ, ಅದರ ಹ್ಯಾಂಡಲ್ (ತಿರುವನ್ನು ಬಾಗಿಸುವ ಹಿಡಿ) ಅಡ್ಡ ಅಥವಾ ನೆಟ್ಟಗೆ ಇರಲಿ. ಅರ್ಧ ಚಿತ್ರ ಬಿಡಿಸಿ ಮಗುಚಿ, ನಡುಗೆರೆಯ ನೋಡ್‌ಗಳನ್ನು ಬೆಸೆಯಿರಿ. ಅಲ್ಲಿ ಕೂದಲೆಳೆ ಸಂದಿ ಉಳಿದರೂ ಗೆರೆ ತೆರೆದದ್ದೆಂದು ವಿ-ಕಾರ್ವ್ (ವಿ-ಬಿಟ್ ಕೆತ್ತನೆಯ ಟೂಲ್‌ಪಾತ್) ಅದನ್ನು ಕೆತ್ತಲು ಒಪ್ಪುವುದಿಲ್ಲ.

ಫೈಲ್ ದಾಟಿಸುವಾಗ ಅಳತೆ ಕೆಡುವುದುಂಟು. ಇಲಸ್ಟ್ರೇಟರ್‌ನ ಎಸ್‌ವಿಜಿ ಫೈಲ್ ಇಂಚಿಗೆ 72 ಪಿಕ್ಸೆಲ್‌ನ ಲೆಕ್ಕ, ಇಂಕ್‌ಸ್ಕೇಪ್ 96ರ ಲೆಕ್ಕ: 300 ಮಿ.ಮೀ. ಫಲಕ 225 ಆಗುತ್ತದೆ. ಡಿಎಕ್ಸ್‌ಎಫ್‌ನಲ್ಲಿ (ಇನ್ನೊಂದು ಬಗೆಯ ಫೈಲ್) ಮಿ.ಮೀ.ಯನ್ನು ಇಂಚೆಂದು ಓದಿದರೆ ಅದೇ ಫಲಕ 7620 ಮಿ.ಮೀ. ಚಿತ್ರದ ಪಕ್ಕದಲ್ಲಿ 100 ಮಿ.ಮೀ. ಚೌಕವೊಂದನ್ನು ಇಟ್ಟು ಕಳಿಸಿ, ಕ್ಯಾಮ್‌ನಲ್ಲಿ ಮೊದಲು ಅದನ್ನೇ ಅಳೆಯಿರಿ. ಸರಿ ಬಂದಮೇಲೆ ಚೌಕವನ್ನು ಅಳಿಸಿಯೇ ಟೂಲ್‌ಪಾತ್ ಮಾಡಿ, ಇಲ್ಲವಾದರೆ ಅದೂ ತೇಗದ ಮೇಲೆ ಕೂರುತ್ತದೆ.