ಹಜಾರ, ಜಗಲಿ, ಅಂಗಳ: ಆತಂಗುಡಿ ಟೈಲ್ಸ್ ಹಾಕಿಸಿ ವರ್ಷಗಳು ಕಳೆದ ಮೇಲೆ

ಸಿಮೆಂಟಿನಿಂದ ಕೈಯಲ್ಲೇ ಮಾಡುವ ಬಣ್ಣದ ನೆಲದ ಬಿಲ್ಲೆಗಳಾದ ಆತಂಗುಡಿ ಟೈಲ್ಸ್ ಬಗ್ಗೆ ಓದಲು ಸಿಗುವ ಹೊಗಳಿಕೆಯ ಬಹುಪಾಲು ನೆಲ ಹಾಕಿಸಿದ ಹೊಸದರಲ್ಲಿ, ಗೃಹಪ್ರವೇಶದ ತೋರಣ ಒಣಗುವ ಮೊದಲೇ ಬರೆದದ್ದು. ಆ ಹೊತ್ತಿನಲ್ಲಿ ಯಾವ ನೆಲವಾದರೂ ಚೆನ್ನಾಗಿಯೇ ಕಾಣುತ್ತದೆ. ಮೈಸೂರಿನ ನಮ್ಮ ಹಳೆಯ ಮನೆಯನ್ನು ನವೀಕರಿಸುವಾಗ ಹಜಾರಕ್ಕೂ ದೇವರ ಮನೆಗೂ ಹಿಂಬದಿಯ ಹೆಂಚಿನ ಮಾಡಿನ ಜಗಲಿಗೂ ಇದೇ ಟೈಲ್ಸ್ ಹಾಕಿಸಿದೆವು. ಅಲ್ಲಿಂದ ಈಚೆಗೆ ಹಲವು ಮಳೆಗಾಲಗಳು ಕಳೆದಿವೆ. ಮಕ್ಕಳ ಸೈಕಲ್, ಹಬ್ಬದ ಅಡುಗೆ, ಹೊರಗಿನಿಂದ ಬರುವ ಮಣ್ಣುಗಾಲು ಎಲ್ಲವನ್ನೂ ಈ ನೆಲ ಕಂಡಿದೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಮಾಡಿನ ಕೆಳಗೆ ಇದಕ್ಕೆ ಸಾಟಿಯಾದ ನೆಲ ಈ ಬೆಲೆಯಲ್ಲಿ ಇನ್ನೊಂದಿಲ್ಲ, ಮಳೆ ಬಿಸಿಲು ನೇರವಾಗಿ ಬೀಳುವ ಜಾಗಕ್ಕೆ ಇದು ತಕ್ಕುದಲ್ಲ.

ಹೀಗೇಕೆ ಎಂಬುದು ಟೈಲ್ಸ್ ತಯಾರಾಗುವ ಬಗೆಯಲ್ಲೇ ಇದೆ. ತಮಿಳುನಾಡಿನ ಶಿವಗಂಗೆ ಜಿಲ್ಲೆಯಲ್ಲಿ, ಕಾರೈಕುಡಿಯ ಸಮೀಪ ಆತಂಗುಡಿ ಎಂಬ ಊರಿದೆ. ಚೆಟ್ಟಿನಾಡಿನ ವರ್ತಕರ ಬೃಹತ್ ಮನೆಗಳ ನೆಲಗಳಿಂದಾಗಿ ಊರಿನ ಹೆಸರೇ ಈ ಟೈಲ್ಸಿಗೆ ನಿಂತಿದೆ. ಗಾಜಿನ ಹಲಗೆಯ ಮೇಲೆ ಲೋಹದ ಚೌಕಟ್ಟನ್ನಿಟ್ಟು, ವಿನ್ಯಾಸದ ಅಚ್ಚಿನ ಒಂದೊಂದು ಮನೆಗೂ ಬಣ್ಣ ಬೆರೆಸಿದ ಸಿಮೆಂಟನ್ನು ಕೈಯಿಂದಲೇ ಸುರಿಯುತ್ತಾರೆ. ಅಚ್ಚನ್ನು ಎತ್ತಿದ ಬಳಿಕ ಅದರ ಮೇಲೆ ಮರಳು ಮತ್ತು ಸಿಮೆಂಟಿನ ಒಣ ಮಿಶ್ರಣವನ್ನು ಉದುರಿಸಿ, ಕೊನೆಗೆ ಹಸಿ ಗಾರೆ ತುಂಬಿ ಮಟ್ಟ ಮಾಡುತ್ತಾರೆ. ಮುಂದೆ ನೀರಿನಲ್ಲಿ ನೆನೆಹಾಕಿ, ಒಣಗಿಸಿ, ಗಾಜನ್ನು ಬೇರ್ಪಡಿಸಿದಾಗ ಗಾಜಿನ ನುಣುಪೇ ಟೈಲ್ಸಿನ ಮೈಗೆ ಬಂದಿರುತ್ತದೆ. ಇದನ್ನು ಭಟ್ಟಿಯಲ್ಲಿ ಸುಡುವುದಿಲ್ಲ, ಗಾಜಿನ ಲೇಪವನ್ನೂ ಕೊಡುವುದಿಲ್ಲ. ಹೆಚ್ಚು ಶಾಖದಲ್ಲಿ ಸುಟ್ಟು ಗಟ್ಟಿಮಾಡುವ ವಿಟ್ರಿಫೈಡ್ ಟೈಲ್ಸ್ ನೀರು ಹೀರುವ ಪ್ರಮಾಣ ಶೇಕಡಾ 0.5ನ್ನೂ ಮೀರುವುದಿಲ್ಲ, ಸುಡದ ಸಿಮೆಂಟಿನ ಈ ಬಿಲ್ಲೆಯಾದರೋ ನೀರು, ಎಣ್ಣೆ, ಅರಿಶಿನ ಏನು ಬಿದ್ದರೂ ಒಂದಿಷ್ಟು ಒಳಗೆಳೆದುಕೊಳ್ಳುತ್ತದೆ. ಇದರ ಚೆಲುವು ಮತ್ತು ತೊಂದರೆ ಎರಡಕ್ಕೂ ಕಾರಣ ಇದೇ.

ಹಾಸುವ ಕೆಲಸದ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಾನು ನೋಡಿದ ಕೆಟ್ಟ ಆತಂಗುಡಿ ನೆಲಗಳಲ್ಲಿ ಹೆಚ್ಚಿನವು ಕೆಟ್ಟದ್ದು ಟೈಲ್ಸಿನ ದೋಷದಿಂದಲ್ಲ. ಕೈಯಿಂದ ಮಾಡಿದ ಬಿಲ್ಲೆಗಳಾದ್ದರಿಂದ ದಪ್ಪದಲ್ಲಿ ಕೂದಲೆಳೆಯಷ್ಟು ಹೆಚ್ಚುಕಡಿಮೆ ಇದ್ದೇ ಇರುತ್ತದೆ. ಅಂಟು ಬಳಿದು ಹಳೆಯ ನೆಲದ ಮೇಲೇ ಕೂರಿಸುವ ಈಗಿನ ಪದ್ಧತಿ ಇದಕ್ಕೆ ಒಗ್ಗುವುದಿಲ್ಲ. ನಮ್ಮಲ್ಲಿ ಹಳೆಯ ಮೊಸಾಯಿಕ್ ನೆಲವನ್ನು ಪೂರ್ತಿ ಒಡೆಸಿ, ತಳವನ್ನು ಗಟ್ಟಿಮಾಡಿಸಿ, ಎರಡು ಇಂಚಿನಷ್ಟು ಗಾರೆಯ ಹಾಸಿನ ಮೇಲೆ ಒಂದೊಂದನ್ನೇ ದಾರ ಹಿಡಿದು, ರಸಮಟ್ಟ ನೋಡಿ ಕೂರಿಸಲಾಯಿತು. ನಡುವೆ ಸಂದು ಬಿಡದೆ ಒಂದಕ್ಕೊಂದು ಒತ್ತಿಯೇ ಕೂರಿಸಬೇಕು. ಹಾಸಿದ ಮೇಲೆ ಯಂತ್ರದಿಂದ ಪಾಲಿಶ್ ಮಾಡಿಕೊಡುತ್ತೇವೆಂದು ಗುತ್ತಿಗೆದಾರರು ಹೇಳಿದರೆ ದಯವಿಟ್ಟು ಒಪ್ಪಬೇಡಿ. ಬಣ್ಣದ ಪದರ ಇರುವುದೇ ಕೆಲವು ಮಿಲಿಮೀಟರ್, ಯಂತ್ರ ಮೊದಲು ತೆಗೆಯುವುದು ಅದನ್ನೇ. ಮರದ ಹೊಟ್ಟಿನಿಂದ ಉಜ್ಜಿ, ತೆಂಗಿನೆಣ್ಣೆಯ ಬಟ್ಟೆಯಲ್ಲಿ ಒರೆಸಿದರೆ ಸಾಕು. ನಮ್ಮ ಬಾಬ್ತಿನಲ್ಲಿ ಹಳೆಯ ನೆಲ ಒಡೆಸಿ, ತಳ ಮಾಡಿಸಿ, ಹಾಸಿದ ಕೂಲಿ ಸಾಮಗ್ರಿಗಳ ವೆಚ್ಚ ಹೆಚ್ಚುಕಡಿಮೆ ಟೈಲ್ಸಿನ ಬೆಲೆಗೇ ಸಮನಾಯಿತು. ಅಂದಾಜು ಪಟ್ಟಿ ಕೇಳುವಾಗ ಈ ಎರಡನ್ನೂ ಬೇರೆ ಬೇರೆಯಾಗಿ ಬರೆಸಿಕೊಳ್ಳುವುದು ಒಳ್ಳೆಯದು. ಸಾಗಣೆಯಲ್ಲಿ ಮೂಲೆ ಮುರಿಯುವುದು ಸಾಮಾನ್ಯವಾದ್ದರಿಂದ ಶೇಕಡಾ 10ರಷ್ಟು ಹೆಚ್ಚಿಗೆ ತರಿಸಬೇಕು; ಮುಂದಿನ ವರ್ಷ ಅದೇ ಅಚ್ಚಿನಲ್ಲಿ ಮಾಡಿಸಿದರೂ ಅದೇ ಬಣ್ಣ ಬರುವುದಿಲ್ಲ.

ಹಜಾರದ ನೆಲದ ಬಗ್ಗೆ ದೂರುಗಳು ಕಡಿಮೆ. ಮೊದಲ ವರ್ಷ ಮಂಕಾಗಿಯೇ ಇತ್ತು, ಅಲ್ಲಲ್ಲಿ ಬಿಳಿಯ ಉಪ್ಪು ಕಾಣಿಸಿಕೊಳ್ಳುತ್ತಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸುತ್ತ ಹೋದಂತೆ ಉಪ್ಪು ನಿಂತಿತು, ಓಡಾಡುತ್ತ ಹೋದಂತೆ ಹೊಳಪು ಏರಿತು. ಈಗ ಬಾಗಿಲಿನಿಂದ ಅಡುಗೆಮನೆಗೆ ನಾವು ನಡೆಯುವ ದಾರಿಯೇ ಎಲ್ಲಕ್ಕಿಂತ ಹೆಚ್ಚು ಮಿರುಗುತ್ತದೆ, ಸೋಫಾದ ಕೆಳಗಿನ ಭಾಗ ಇನ್ನೂ ಮಂಕು. ಬೇಸಿಗೆಯ ಮಧ್ಯಾಹ್ನ ಚಾಪೆಯನ್ನೂ ಹಾಸದೆ ಮಲಗುವಷ್ಟು ತಂಪಿರುತ್ತದೆ. ಆದರೆ ನಿಂಬೆರಸ, ಹುಣಸೆಹುಳಿ, ಶೌಚಾಲಯ ತೊಳೆಯುವ ಆಮ್ಲ ಇವು ಇದರ ವೈರಿಗಳು. ಸಿಮೆಂಟಿನಲ್ಲಿರುವ ಸುಣ್ಣವನ್ನು ಆಮ್ಲ ತಿನ್ನುವುದರಿಂದ ಬಿದ್ದ ಜಾಗ ಒರಟಾಗಿ ಬಿಳಿಚಿಕೊಳ್ಳುತ್ತದೆ, ಅದನ್ನು ಮತ್ತೆ ಮೊದಲಿನಂತೆ ಮಾಡಲಾಗದು. ದೇವರ ಮನೆಯಲ್ಲಿ ಕುಂಕುಮದ ಕಲೆಗಳು ಉಳಿದಿವೆ. ಅಮ್ಮನ ಪ್ರಕಾರ ಅವು ಅಲ್ಲಿ ಇರಬೇಕಾದವೇ. ಅಡುಗೆಮನೆಗೆ ಇದನ್ನು ಹಾಕಿಸದೆ ಒರಟು ಮೈಯ ವಿಟ್ರಿಫೈಡ್ ಟೈಲ್ಸನ್ನೇ ಆರಿಸಿಕೊಂಡ ಬಗ್ಗೆ ನನಗೆ ಯಾವ ಅನುಮಾನವೂ ಇಲ್ಲ.

ಚರ್ಚೆ ಬೇಕಿರುವುದು ಜಗಲಿಯ ವಿಷಯದಲ್ಲಿ. ಒಳಗಿನ ವಿನ್ಯಾಸವೇ ಜಗಲಿ ದಾಟಿ ತೆರೆದ ಅಂಗಳದವರೆಗೆ ಹರಿಯಬೇಕು, ಒಳಗೂ ಹೊರಗೂ ಒಂದೇ ಎನಿಸಬೇಕು ಎಂಬುದು ನಮ್ಮ ವಿನ್ಯಾಸಕರ ನಕ್ಷೆಯಾಗಿತ್ತು. ಕಾಗದದ ಮೇಲೆ ಅದು ಬಹಳ ಸೊಗಸಾಗಿಯೂ ಇತ್ತು. ಟೈಲ್ಸ್ ಮಾಡಿಕೊಟ್ಟವರೇ ತೆರೆದ ಜಾಗಕ್ಕೆ ಬೇಡವೆಂದದ್ದರಿಂದ ಜಗಲಿಯ ಅಂಚಿಗೆ ನಿಲ್ಲಿಸಿದೆವು. ಗೋಡೆಯ ಬದಿಯ ಸಾಲುಗಳು ಹಜಾರದಷ್ಟೇ ಚೆನ್ನಾಗಿವೆ. ಹೊರ ಅಂಚಿನ ಸಾಲುಗಳ ಕಥೆ ಬೇರೆ: ಮೈಸೂರಿನಲ್ಲಿ ಜೋರಾಗಿ ಹೊಡೆಯುವುದು ಮೇ ತಿಂಗಳ ಸಂಜೆಯ ಮಳೆ ಮತ್ತು ಸೆಪ್ಟೆಂಬರ್, ಅಕ್ಟೋಬರಿನ ಮಳೆ, ಗಾಳಿ ಎದ್ದರೆ ಇರಚಲು ಎರಡು ಮೂರು ಅಡಿ ಒಳಗೆ ಬರುತ್ತದೆ. ಅಲ್ಲಿ ಉಪ್ಪು ಪ್ರತಿ ವರ್ಷವೂ ಮೂಡುತ್ತದೆ, ನುಣುಪು ಹೋಗಿದೆ, ಪಡುವಣ ಬಿಸಿಲು ತಾಗುವ ಕಡೆ ಹಸಿರು ಬಣ್ಣ ಬೂದಿಗೆ ತಿರುಗಿದೆ. ಕೆಂಪು ಮತ್ತು ಕಪ್ಪು ಮಾತ್ರ ಇದ್ದಂತೆಯೇ ಇವೆ, ಏಕೆಂದರೆ ಅವು ಕಬ್ಬಿಣದ ಆಕ್ಸೈಡಿನ ಬಣ್ಣಗಳು, ಬಿಸಿಲಿಗೆ ಸುಲಭವಾಗಿ ಜಗ್ಗುವುದಿಲ್ಲ. ಜಗಲಿಗೇ ಹಾಕಿಸುವ ಮನಸ್ಸಿದ್ದವರು ಈ ಎರಡು ಬಣ್ಣಗಳ ವಿನ್ಯಾಸವನ್ನು ಆರಿಸಿಕೊಳ್ಳಲಿ. ಒದ್ದೆಯಾದಾಗ ಜಾರುವುದಂತೂ ನಿಜ. ವಯಸ್ಸಾದವರಿರುವ ಮನೆಯಲ್ಲಿ ಈ ಒಂದೇ ಕಾರಣಕ್ಕೆ ಹೊರಗಿನ ಮೆಟ್ಟಿಲಿಗೆ ಇದನ್ನು ಹಾಕಿಸಬಾರದು.

ತೆರೆದ ಅಂಗಳಕ್ಕೆ ನಾವು ಹಾಸಿದ್ದು ಸಾದರಹಳ್ಳಿ ಕಲ್ಲು. ದೇವನಹಳ್ಳಿ ಸೀಮೆಯ ಈ ಬೂದು ಗ್ರಾನೈಟ್ ಬೆಂಗಳೂರು, ಮೈಸೂರಿನವರಿಗೆ ಹೊಸದಲ್ಲ. ಕಲಬುರಗಿ ಕಡೆಯ ಶಹಾಬಾದ್ ಕಲ್ಲು ಅಗ್ಗವಾಗಿ ಸಿಗುತ್ತಿತ್ತು, ನೋಡಲೂ ಚೆನ್ನ. ಆದರೆ ಅದು ಸುಣ್ಣದ ಕಲ್ಲಾದ್ದರಿಂದ ಆಮ್ಲಕ್ಕೆ ಸೋಲುವ ಗುಣ ಅದಕ್ಕೂ ಇದೆ. ಒರಟು ಮೈಯ ಗ್ರಾನೈಟ್ ಚಪ್ಪಡಿಗಳ ನಡುವೆ ಹುಲ್ಲು ಬೆಳೆಯಲು ಸಂದು ಬಿಟ್ಟು, ಹತ್ತು ಅಡಿಗೆ ಒಂದೂವರೆ ಇಂಚಿನಷ್ಟು ಇಳಿಜಾರನ್ನು ತೋಟದ ಕಡೆಗೆ ಕೊಡಿಸಿದೆವು. ನೀರು ನಿಲ್ಲುವುದಿಲ್ಲ, ಪಾಚಿಯೂ ನೆರಳಿನ ಮೂಲೆಯಲ್ಲಿ ಬಿಟ್ಟರೆ ಕಟ್ಟುವುದಿಲ್ಲ. ಮಧ್ಯಾಹ್ನ ಕಲ್ಲು ಕಾಯುತ್ತದೆ, ಬರಿಗಾಲಿನಲ್ಲಿ ನಿಲ್ಲಲಾಗದು. ಸಂಜೆ ಒಂದು ಬಕೆಟ್ ನೀರು ಚೆಲ್ಲಿದರೆ ಕುರ್ಚಿ ಹಾಕಿ ಕೂರಬಹುದು. ಬಣ್ಣದ ನೆಲ ಒಮ್ಮೆಲೇ ನಿಂತು ಬೂದು ಕಲ್ಲು ಶುರುವಾಗುವುದು ನಕ್ಷೆಯ ಆಶಯಕ್ಕೆ ವಿರುದ್ಧವಾದರೂ ನನ್ನ ಕಣ್ಣಿಗೆ ಅದೇ ಸರಿಯೆನಿಸುತ್ತದೆ.

ಮಾಡಿಗೆ ಇದ್ದದ್ದು ಹಳೆಯ ಮಂಗಳೂರು ಹೆಂಚು. ಒಡೆದವನ್ನಷ್ಟೇ ಬದಲಾಯಿಸಿ ಉಳಿದವನ್ನು ತೊಳೆದು ಮತ್ತೆ ಏರಿಸಿದೆವು. 1865ರಲ್ಲಿ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಕಾರ್ಖಾನೆ ತೆರೆದಂದಿನಿಂದ ಇಂದಿನವರೆಗೆ ಈ ಹೆಂಚಿನ ಕೊಂಡಿ ಒಂದಕ್ಕೊಂದು ಸಿಕ್ಕಿಕೊಳ್ಳುವ ಬಗೆಯಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಆಗಿಲ್ಲ, ಆಗಬೇಕಾದ ಅಗತ್ಯವೂ ನನಗೆ ಕಾಣುವುದಿಲ್ಲ.

ಈ ಬೇಸಿಗೆಯ ಮಳೆಗೆ ಮುನ್ನ ಜಗಲಿಯ ಹೊರ ಅಂಚಿನ ಎರಡು ಸಾಲು ಟೈಲ್ಸ್ ತೆಗೆಸಿ, ಅಲ್ಲಿ ಅಂಗಳದ ಕಲ್ಲಿನದೇ ಪಟ್ಟಿಯನ್ನು ಒಳಕ್ಕೆ ತರುವುದೆಂದು ನಿಶ್ಚಯಿಸಿದ್ದೇವೆ. ಜೊತೆಗೆ ಸೂರನ್ನೂ ಒಂದು ಸಾಲು ಹೆಂಚಿನಷ್ಟು ಮುಂದಕ್ಕೆ ಚಾಚಿಸಬೇಕೆಂದು ಮೇಸ್ತ್ರಿ ಹೇಳಿದ್ದಾರೆ. ಉಳಿದ ನೆಲವನ್ನು ಮುಟ್ಟುವ ಯೋಚನೆಯಿಲ್ಲ. ತೆಗೆದ ಬಿಲ್ಲೆಗಳಲ್ಲಿ ಚೆನ್ನಾಗಿರುವವನ್ನು ಮೊದಲೇ ಎತ್ತಿಟ್ಟಿರುವ ಹೆಚ್ಚುವರಿ ಬಿಲ್ಲೆಗಳೊಡನೆ ಒಣ ಜಾಗದಲ್ಲಿ, ಮಲಗಿಸದೆ ನಿಲ್ಲಿಸಿಯೇ ಇಡುತ್ತೇವೆ.