ಒಂದು ಗಂಟೆಯ ರೇಕಿಗೆ ಹಣ ಕೊಡಬಹುದು, ಪ್ಯಾಕೇಜಿಗೆ ಬೇಡ

ಮೈಮೇಲೆ ಸುಮ್ಮನೆ ಅಂಗೈ ಇಟ್ಟು ಆರೈಕೆ ಮಾಡುವ ಜಪಾನಿ ಪದ್ಧತಿಗೆ ರೇಕಿ ಎನ್ನುತ್ತಾರೆ. ದಕ್ಷಿಣ ಬೆಂಗಳೂರಿನ ಅಂಥ ಒಂದು ರೇಕಿ ಕೇಂದ್ರಕ್ಕೆ ಕಳೆದ ಕೆಲವು ತಿಂಗಳುಗಳಿಂದ ಆಗಾಗ ಹೋಗಿಬರುತ್ತಿದ್ದೇನೆ. ಸರಿಯಾಗಿ ನಿದ್ದೆ ಬಾರದ, ಕತ್ತು ಹೆಗಲು ಸದಾ ಬಿಗಿದುಕೊಂಡೇ ಇರುವ, ಆದರೆ ವೈದ್ಯರ ತಪಾಸಣೆಯಲ್ಲಿ ಹೇಳಿಕೊಳ್ಳುವಂಥ ಕಾಯಿಲೆಯೇನೂ ಕಾಣದ ನನ್ನಂಥವರಿಗೆ ಅಲ್ಲಿ ಏನು ಸಿಗುತ್ತದೆ ಎಂಬುದಷ್ಟೇ ಈ ಬರಹದ ವಿಷಯ. ಮೊದಲೇ ಹೇಳಿಬಿಡುವುದಾದರೆ, ಒಂದು ಗಂಟೆಯ ವಿಶ್ರಾಂತಿ ಎಂದು ನೋಡಿದರೆ ಕೊಟ್ಟ ಹಣಕ್ಕೆ ಮೋಸವಿಲ್ಲ. ಅದರಾಚೆಗೆ ಅಲ್ಲಿ ಮಾರಾಟಕ್ಕಿಟ್ಟಿರುವ ಬಹುಪಾಲು ಸಂಗತಿಗಳಿಗೆ ಕಿಸೆಗೆ ಕೈಹಾಕುವ ಅಗತ್ಯ ನನಗೆ ಕಾಣಲಿಲ್ಲ.

ಕೇಂದ್ರವಿರುವುದು ಹಳೆಯ ಮನೆಯೊಂದರ ಮೊದಲ ಮಹಡಿಯಲ್ಲಿ. ಮೊದಲ ಭೇಟಿಯಲ್ಲಿ ಒಂದು ಅರ್ಜಿ ತುಂಬಿಸಿಕೊಳ್ಳುತ್ತಾರೆ. ರಕ್ತದೊತ್ತಡ, ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳು, ಇತ್ತೀಚೆಗೆ ಆದ ಶಸ್ತ್ರಚಿಕಿತ್ಸೆ ಇವನ್ನೆಲ್ಲ ಕೇಳಿದ ಮೇಲೆ, ಮೈಮುಟ್ಟಬಹುದೇ ಅಥವಾ ಕೈಯನ್ನು ತುಸು ಮೇಲಕ್ಕೆ ಹಿಡಿದರೆ ಸಾಕೇ ಎಂಬ ಪ್ರಶ್ನೆಯೂ ಅದರಲ್ಲಿದೆ. ಈ ಪ್ರಶ್ನೆ ನನಗೆ ತುಂಬ ಹಿಡಿಸಿತು. ಬಟ್ಟೆ ತೆಗೆಯುವುದಿಲ್ಲ, ಎಣ್ಣೆ ಹಚ್ಚುವುದಿಲ್ಲ, ಒತ್ತಿ ತಿಕ್ಕುವುದಂತೂ ಇಲ್ಲವೇ ಇಲ್ಲ. ಮಂಡಿಯ ಕೆಳಗೆ ದಿಂಬಿಟ್ಟು ಅಂಗಾತ ಮಲಗಿಸಿ, ಕಣ್ಣಿನ ಮೇಲೆ ತೆಳುವಾದ ಹತ್ತಿಬಟ್ಟೆ ಹೊದಿಸಿ, ಅಂಗೈಗಳನ್ನು ಉಜ್ಜಿಕೊಂಡು ಮೊದಲು ಕಣ್ಣಿನ ಮೇಲೆ, ಆಮೇಲೆ ಕಪಾಲದ ಎರಡು ಬದಿಗೆ, ತಲೆಯ ಹಿಂಭಾಗಕ್ಕೆ, ಭುಜಕ್ಕೆ, ಹೊಟ್ಟೆಗೆ, ಮಂಡಿಗೆ, ಕೊನೆಗೆ ಪಾದಕ್ಕೆ ಹೀಗೆ ಒಂದೊಂದೆಡೆ ಕೆಲವು ನಿಮಿಷ ಸುಮ್ಮನೆ ಇಟ್ಟಿರುತ್ತಾರೆ. ತಲೆಯ ಹಿಂಭಾಗವನ್ನು ಎರಡೂ ಕೈಯ ಬೊಗಸೆಯಲ್ಲಿ ಹಿಡಿದಾಗ ಕತ್ತಿನ ಭಾರವೆಲ್ಲ ಇನ್ನೊಬ್ಬರ ಪಾಲಾಗುತ್ತದೆ. ಇಡೀ ಗಂಟೆಯಲ್ಲಿ ನಾನು ಕಾಯುವುದು ಆ ನಿಮಿಷಗಳಿಗಾಗಿ. ಹೊರಗೆ ತರಕಾರಿ ಗಾಡಿಯ ಧ್ವನಿವರ್ಧಕ ಕೂಗುತ್ತಲೇ ಇರುತ್ತದೆ, ಆದರೆ ಸ್ವಲ್ಪ ಹೊತ್ತಿನಲ್ಲಿ ಅದು ಕಿವಿಗೆ ಬಿದ್ದರೂ ಮನಸ್ಸಿಗೆ ತಾಗುವುದಿಲ್ಲ. ಒಮ್ಮೆ ನನ್ನ ಗೊರಕೆಗೆ ನಾನೇ ಎಚ್ಚೆತ್ತದ್ದೂ ಉಂಟು. ಚಿಕಿತ್ಸಕಿ ಇಡೀ ಅವಧಿಯಲ್ಲಿ ಒಂದು ಮಾತೂ ಆಡುವುದಿಲ್ಲ. ಮುಗಿದ ಮೇಲೆ ಒಂದು ಲೋಟ ಬಿಸಿನೀರು ಕೊಟ್ಟು, ನಾವಾಗಿಯೇ ಏಳುವತನಕ ಹಾಗೆಯೇ ಬಿಡುತ್ತಾರೆ. ಅವಸರಪಡಿಸದಿರುವ ಈ ಗುಣ ಈ ಊರಿನ ಸ್ಪಾಗಳಲ್ಲಿ ದುರ್ಲಭ.

ಗೋಡೆಯ ಮೇಲೆ ರೇಕಿಯನ್ನು ಆರಂಭಿಸಿದ ಜಪಾನಿನ ಮಿಕಾವೊ ಉಸುಯಿ ಅವರ ಭಾವಚಿತ್ರವಿದೆ, ಅದರ ಕೆಳಗೆ ‘ಇಂದು ಮಾತ್ರ ಕೋಪ ಬೇಡ, ಇಂದು ಮಾತ್ರ ಚಿಂತೆ ಬೇಡ’ ಎಂದು ಆರಂಭವಾಗುವ ಅವರ ಐದು ಸೂತ್ರಗಳ ಕನ್ನಡ ರೂಪವಿದೆ. ಇದು ಸೊಗಸಾಗಿದೆ. ಕೈಗೆ ಕೊಡುವ ಪರಿಚಯಪತ್ರಿಕೆ ಮಾತ್ರ ಸಾವಿರಾರು ವರ್ಷಗಳ ಗುಪ್ತವಿದ್ಯೆ ಎಂದು ಶುರುವಾಗುತ್ತದೆ. ನಿಜದಲ್ಲಿ ರೇಕಿಗೆ ನೂರು ವರ್ಷದ ಮೇಲೆ ಸ್ವಲ್ಪವಷ್ಟೇ ವಯಸ್ಸು. 1865ರಲ್ಲಿ ಹುಟ್ಟಿದ ಉಸುಯಿ, ಕ್ಯೋಟೊ ಬಳಿಯ ಕುರಾಮ ಬೆಟ್ಟದಲ್ಲಿ 21 ದಿನ ಉಪವಾಸ ಕುಳಿತ ಬಳಿಕ ಈ ಪದ್ಧತಿಯನ್ನು ಕಂಡುಕೊಂಡರೆಂದು ಅವರ ಶಿಷ್ಯರು ನಂಬಿದ್ದರು. 1922ರಲ್ಲಿ ಅವರು ಟೋಕಿಯೊದಲ್ಲಿ ಕಲಿಸತೊಡಗಿದರು, 1926ರಲ್ಲಿ ತೀರಿಕೊಂಡರು. ಅವರ ಶಿಷ್ಯ, ನೌಕಾಪಡೆಯಲ್ಲಿದ್ದ ಚುಜಿರೊ ಹಯಾಶಿ ಟೋಕಿಯೊದಲ್ಲಿ ಚಿಕಿತ್ಸಾಲಯ ನಡೆಸಿದರು. ಅಲ್ಲಿ ಚಿಕಿತ್ಸೆ ಪಡೆದು, ಕಲಿತು, 1937ರಲ್ಲಿ ಹವಾಯಿಗೆ ಮರಳಿದ ಹವಾಯೊ ಟಕಾಟಾ ಅವರಿಂದ ಅದು ಅಮೆರಿಕಕ್ಕೆ ಹಬ್ಬಿತು. ಬೇರೆಯವರಿಗೆ ಕಲಿಸುವ ಅರ್ಹತೆ ಕೊಡುವ ಮಾಸ್ಟರ್ ದೀಕ್ಷೆಗೆ ಟಕಾಟಾ 10,000 ಡಾಲರ್ ಪಡೆಯುತ್ತಿದ್ದರು. ನಮ್ಮ ಕೇಂದ್ರಗಳು ಅವರಿಂದ ಕಲಿತದ್ದರಲ್ಲಿ ಇದೂ ಸೇರಿರಬೇಕು. ಇನ್ನೊಂದು ತಮಾಷೆಯೆಂದರೆ, ಪರಿಚಯಪತ್ರಿಕೆಯ ತುಂಬ ಇರುವ, ದೇಹದ ಶಕ್ತಿಕೇಂದ್ರಗಳೆನ್ನಲಾದ ಏಳು ಚಕ್ರಗಳ ಲೆಕ್ಕ ಉಸುಯಿಯವರದಲ್ಲ. ಅದನ್ನು ರೇಕಿಗೆ ಅಂಟಿಸಿದವರು ಪಾಶ್ಚಾತ್ಯರು. ನಮ್ಮ ಯೋಗಶಾಸ್ತ್ರದ ಮೂಲಾಧಾರ, ಅನಾಹತ ಮುಂತಾದ ಚಕ್ರಗಳು ಅಮೆರಿಕ ಸುತ್ತಿ, ಜಪಾನಿನ ಹೆಸರು ಹೊತ್ತು ಬೆಂಗಳೂರಿಗೆ ವಾಪಸಾಗಿವೆ, ಅದೂ ಗಂಟೆಗಿಷ್ಟೆಂಬ ದರದಲ್ಲಿ.

ಕೈಯಿಂದ ವಿಶ್ವಶಕ್ತಿ ಹರಿಯುತ್ತದೆ ಎಂಬ ಮಾತಿಗೆ ಬಂದರೆ, ಅಂಥ ಶಕ್ತಿಯನ್ನು ಯಾವ ಉಪಕರಣವೂ ಅಳೆದಿಲ್ಲ. ಆತಂಕ ಮತ್ತು ಖಿನ್ನತೆಗೆ ಇದು ನೆರವಾಗುತ್ತದೆಯೇ ಎಂದು ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆ 2015ರಲ್ಲಿ ಪ್ರಕಟಿಸಿದ ಸಮೀಕ್ಷೆ, ಹೌದು ಅಥವಾ ಇಲ್ಲ ಎನ್ನಲು ಸಾಕಷ್ಟು ಪುರಾವೆಯಿಲ್ಲ ಎಂದಿತು. 2008ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗ ಇನ್ನೂ ನೇರವಾಗಿದೆ: ಫೈಬ್ರೊಮಯಾಲ್ಜಿಯಾ ಎಂಬ ದೀರ್ಘಕಾಲದ ಮೈನೋವಿನ 100 ರೋಗಿಗಳಲ್ಲಿ ಕೆಲವರಿಗೆ ನುರಿತ ರೇಕಿ ಮಾಸ್ಟರ್‌ಗಳು, ಕೆಲವರಿಗೆ ಅವರಂತೆಯೇ ಕೈಯಾಡಿಸಲು ಕಲಿತ ನಟರು ಚಿಕಿತ್ಸೆ ಕೊಟ್ಟರು, ನೋವಿನ ಮಟ್ಟಿಗೆ ಯಾರಿಂದಲೂ ಪ್ರಯೋಜನ ಕಾಣಲಿಲ್ಲ. ಹಾಗಾಗಿ ನನಗೆ ಆ ರಾತ್ರಿ ಚೆನ್ನಾಗಿ ನಿದ್ದೆ ಬರುವುದಕ್ಕೆ ಮೊಬೈಲ್ ಇಲ್ಲದ ಒಂದು ಗಂಟೆ, ಮಂದ ಬೆಳಕು, ಅಂಗೈಯ ಬಿಸುಪು, ಮಾತಿಲ್ಲದ ಆರೈಕೆ ಇಷ್ಟೇ ಕಾರಣವೆಂದು ಭಾವಿಸಿದ್ದೇನೆ. ಇದು ಕಡಿಮೆಯೇನಲ್ಲ.

ತಕರಾರಿರುವುದು ಕೋಣೆಯಿಂದ ಹೊರಬಂದ ಮೇಲಿನ ವ್ಯವಹಾರದ ಬಗ್ಗೆ. ಇನ್ನೂ ಕಣ್ಣು ಪೂರ್ತಿ ತೆರೆದಿರುವುದಿಲ್ಲ, ಅಷ್ಟರಲ್ಲಿ ಮುಂಬಾಗಿಲ ಬಳಿಯ ಮೇಜಿನಲ್ಲಿ ಕುಳಿತ ವ್ಯವಸ್ಥಾಪಕರು ಬಣ್ಣಬಣ್ಣದ ಚಕ್ರದ ವರದಿಯೊಂದನ್ನು ಮುಂದಿಡುತ್ತಾರೆ. ನನ್ನ ಅನಾಹತ ಚಕ್ರ ಪ್ರತಿಸಲವೂ ಮುಚ್ಚಿಯೇ ಇರುತ್ತದೆ, ಅದನ್ನು ತೆರೆಸಲು ಪ್ರತಿಸಲವೂ 21 ದಿನದ ಪ್ಯಾಕೇಜೇ ಬೇಕಾಗುತ್ತದೆ. ಬರಲಾಗದಿದ್ದರೆ ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಕಳಿಸಿದರೂ ಸಾಕು, ದೂರದಿಂದಲೇ ಚಿಕಿತ್ಸೆ ನಡೆಯುತ್ತದೆಯಂತೆ. ಮಧುಮೇಹವೂ ಹತೋಟಿಗೆ ಬರುತ್ತದೆ ಎಂದು ಅವರು ನನ್ನ ಮುಂದೆಯೇ ಒಬ್ಬ ಹಿರಿಯರಿಗೆ ಹೇಳಿದ್ದು ಮಾತ್ರ ಅಕ್ಷಮ್ಯ. ಅದೇ ಕೇಂದ್ರದ ಚಿಕಿತ್ಸಕಿಯನ್ನು ಕೇಳಿದರೆ, ‘ಮಾತ್ರೆ ಬಿಡಬೇಡಿ, ಇದು ಅದರ ಜೊತೆಗೆ ಅಷ್ಟೆ’ ಎಂದು ಸ್ಪಷ್ಟವಾಗಿ ಹೇಳುತ್ತಾರೆ. ಒಂದೇ ಸೂರಿನಡಿ ಎರಡು ಮಾತು.

ಒಂದು ಗಂಟೆಗೆ 1,500 ರೂಪಾಯಿ. ವಾರದ ದಿನಗಳಲ್ಲಿ ಮಧ್ಯಾಹ್ನ ಮೂರರ ಸಮಯ ಸಿಕ್ಕರೆ ಒಳ್ಳೆಯದು. ಸಂಜೆಯ ಟ್ರಾಫಿಕ್ಕಿನಲ್ಲಿ ಮನೆಗೆ ಮರಳಿದರೆ ಬಿಚ್ಚಿದ ಹೆಗಲು ಮತ್ತೆ ಬಿಗಿದುಕೊಳ್ಳುತ್ತದೆ. ಊದುಬತ್ತಿಯ ಹೊಗೆ ಆಗದವರು ಮೊದಲೇ ತಿಳಿಸಬೇಕು, ಹೇಳಿದರೆ ಹಚ್ಚುವುದಿಲ್ಲ. ಬೆನ್ನುನೋವಿಗೆ ಮದ್ದು ಹುಡುಕುತ್ತಿರುವವರು ಮೂಳೆತಜ್ಞರನ್ನೋ ಫಿಸಿಯೊಥೆರಪಿಸ್ಟರನ್ನೋ ಕಾಣುವುದು ಸರಿ. ಹಣವನ್ನು ಆಯಾ ದಿನಕ್ಕೆ ಆಯಾ ದಿನವೇ ಪಾವತಿಸಿ, ಏಕೆಂದರೆ ಪ್ಯಾಕೇಜಿನಲ್ಲಿ ಉಳಿದ ಮೊತ್ತವನ್ನು ಹಿಂತಿರುಗಿಸುವುದಿಲ್ಲವೆಂದು ರಸೀದಿಯ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚಾಗಿದೆ.